ಸೂರ್ಯಾಸ್ತದ ನಂತರದ ಮಾತ್ರೆ

ಮುನಿಗಳಿಗೆ ಆಹಾರದಾನ ನೀಡುವ ದಿನ ಶ್ರಾವಕರ ಮನೆಯಲ್ಲಿ ಕಾಣುವ ಎಚ್ಚರವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ನಸುಕಿನಲ್ಲಿಯೇ ಸ್ನಾನವಾಗುತ್ತದೆ, ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಕಾಯಿಸುತ್ತಾರೆ, ಅಕ್ಕಿಬೇಳೆಗಳನ್ನು ಮೊರದಲ್ಲಿ ಹರಡಿ ಒಂದೊಂದು ಕಾಳನ್ನೂ ನೋಡುತ್ತಾರೆ. ಅಂಜಲಿಯಲ್ಲಿಟ್ಟ ತುತ್ತಿನಲ್ಲಿ ಕೂದಲೊಂದು ಕಂಡರೂ ಅಂತರಾಯವಾಗಿ ಆಹಾರ ಅಲ್ಲಿಗೇ ನಿಲ್ಲುವುದೆಂಬ ಭಯದಿಂದ ಮನೆಮಂದಿಯ ಕಣ್ಣುಗಳೆಲ್ಲ ಆ ಎರಡು ಕೈಗಳ ಮೇಲೆಯೇ ಇರುತ್ತವೆ. ಅದೇ ಮನೆಯ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಬಾಯಿಗೆ ಮಾತ್ರೆ ಹಾಕುವಾಗ ಎಷ್ಟು ಕಣ್ಣುಗಳಿರುತ್ತವೆ? ಮೈಸೂರಿನ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಮಾಘಮಾಸದ ಒಂದು ರಾತ್ರಿ ಈ ಪ್ರಶ್ನೆ ಎದ್ದಿತು.

ಆ ಮನೆಯ ಹಿರಿಯಾಕೆಗೆ ಆಗ 82 ವರ್ಷ. ಮಧುಮೇಹ ಅಂಟಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿತ್ತು, ಮಾತು ತೊದಲಾಗಿತ್ತು, ಬುದ್ಧಿ ಮಾತ್ರ ಮೊದಲಿನಷ್ಟೇ ನಿಚ್ಚಳವಾಗಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಸ್ವೀಕರಿಸಿದ ರಾತ್ರಿಭೋಜನ ತ್ಯಾಗವನ್ನು ಆಕೆ ಒಂದು ದಿನವೂ ಮುರಿದವರಲ್ಲ. ಸೂರ್ಯ ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಪಾರ್ಶ್ವವಾಯುವಿನ ನಂತರ ಮಲಗುವಾಗ ನುಂಗಬೇಕಾದ ಒಂದು ಮಾತ್ರೆಗಾಗಿ, ಔಷಧಕ್ಕೆ ಎಷ್ಟು ಬೇಕೋ ಅಷ್ಟು ನೀರಿಗೆ ಮಾತ್ರ ನಿಯಮದಲ್ಲಿ ಎಡೆ ಮಾಡಿಕೊಂಡಿದ್ದರು.

ಹಿರಿಯ ಮಗ ಬ್ಯಾಂಕಿನಿಂದ ನಿವೃತ್ತರಾದವರು. ಕಿರಿಯ ಮಗ ಕ್ಯಾಲಿಫೋರ್ನಿಯಾದಲ್ಲಿ. ಆರೈಕೆಯ ಭಾರವೆಲ್ಲ ಹಿರಿಯ ಸೊಸೆಯದು. ಮಧುಮೇಹದ ಸಂಜೆಯ ಮಾತ್ರೆಯನ್ನು ಆಕೆ ಐದೂವರೆಗೆ ಕೊಟ್ಟು, ಆರರೊಳಗೆ ಅತ್ತೆಗೆ ಊಟ ಮಾಡಿಸಿಬಿಡುತ್ತಿದ್ದರು. ವೈದ್ಯರ ಚೀಟಿಯಲ್ಲಿ ಇದ್ದುದು ‘ರಾತ್ರಿ ಊಟಕ್ಕೆ ಮುಂಚೆ’ ಎಂದು. ಈ ಮನೆಯಲ್ಲಿ ರಾತ್ರಿಯೂಟವೆಂಬುದೇ ಇಲ್ಲವೆಂದು ವೈದ್ಯರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಸೊಸೆಗೆ ತಿಳಿದಿತ್ತು. ಅಷ್ಟರಿಂದಲೇ ಎರಡು ವರ್ಷ ನಡೆದಿತ್ತು.

ಹದಿನಾಲ್ಕು ತಿಂಗಳಿಂದ ಒಂದು ರಾತ್ರಿಯೂ ಹೊರಗೆ ತಂಗದಿದ್ದ ಸೊಸೆ, ತವರೂರಿನ ಬಸದಿಯ ಪಂಚಕಲ್ಯಾಣಕ್ಕೆಂದು ಮೂರು ದಿನ ಹೊರಟರು. ಹೊರಡುವ ಹತ್ತು ದಿನ ಮೊದಲು, ಮನೆಗೆ ಆರೈಕೆಯವರನ್ನು ಕಳುಹಿಸುವ ಒಂದು ಸಂಸ್ಥೆಯಿಂದ ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ‘ಹೋಮ್ ನರ್ಸ್’ ಎಂಬುದು ಜನರ ಬಾಯಲ್ಲಿರುವ ಹೆಸರು. ಶುಶ್ರೂಷಾ ಶಿಕ್ಷಣವನ್ನಾಗಲಿ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನಾಗಲಿ ಪಡೆದವಳಲ್ಲ. ಹತ್ತನೆಯ ತರಗತಿ ಮುಗಿಸಿದ್ದಳು, ಚೀಟಿ ಓದಬಲ್ಲವಳಾಗಿದ್ದಳು. ಓದಿದ್ದನ್ನು ಓದಿದ ಹಾಗೆಯೇ ನಡೆಸಿದಳು.

ಆ ದಿನ ಸಂಜೆ ಮಗ ತಾಯಿಗೆ ಹೊತ್ತಿಗೆ ಸರಿಯಾಗಿ ಉಣಿಸಿದರು. ಮಾತ್ರೆಯ ವಿಷಯ ಅವರಿಗೆ ತಿಳಿಯದು. ರಾತ್ರಿ ಎಂಟೂವರೆಗೆ ಹುಡುಗಿ ಚೀಟಿ ನೋಡಿ, ಊಟಕ್ಕೆ ಮುಂಚಿನ ಮಾತ್ರೆಯನ್ನೂ ಮಲಗುವಾಗಿನ ಮಾತ್ರೆಯನ್ನೂ ಕೊಟ್ಟಳು. ದಿನವೂ ರಾತ್ರಿ ಮಾತ್ರೆ ನುಂಗುವ ಅಜ್ಜಿ ಅದನ್ನೂ ನುಂಗಿದರು. ಅರ್ಧ ಗಂಟೆಯ ನಂತರ ಹುಡುಗಿ ಹಾಲು ತಂದಳು. ಅಜ್ಜಿ ತುಟಿ ಬಿಗಿದು ಮುಖ ತಿರುಗಿಸಿದರು. ಹಸಿವಿಲ್ಲವೆಂದುಕೊಂಡು ಹುಡುಗಿ ಲೋಟವನ್ನು ಮುಚ್ಚಿಟ್ಟಳು.

ರಾತ್ರಿ ಎರಡೂವರೆಗೆ ಕ್ಯಾಲಿಫೋರ್ನಿಯಾದಿಂದ ದೂರವಾಣಿ ಕರೆ ಬಂತು. ಅಲ್ಲಿ ಅದು ನಡುಮಧ್ಯಾಹ್ನ. ತಾಯಿಯ ಕೋಣೆಯಲ್ಲಿ ತಾನೇ ಕೂಡಿಸಿದ್ದ ಕ್ಯಾಮೆರಾವನ್ನು ಊಟದ ಬಿಡುವಿನಲ್ಲಿ ತೆರೆದು ನೋಡಿದ್ದ ಕಿರಿಯ ಮಗ, “ಅಮ್ಮ ಎಡಗೈ ಬೀಸ್ತಿದ್ದಾರಣ್ಣ, ಕನಸು ಬಿದ್ದಿರಬೇಕು, ಸ್ವಲ್ಪ ನೋಡು” ಎಂದರು. ಹಿರಿಯ ಮಗ ಒಳಗೆ ಹೋಗಿ ನೋಡಿದರೆ ತಾಯಿಯ ರವಿಕೆ ಬೆವರಿನಿಂದ ತೊಯ್ದಿತ್ತು, ಕೈ ತಣ್ಣಗಿತ್ತು, ಕಣ್ಣು ತೆರೆದಿದ್ದರೂ ನೋಟ ನಿಂತಿರಲಿಲ್ಲ. ಬೆರಳು ಚುಚ್ಚಿ ನೋಡಿದಾಗ ಯಂತ್ರ 41 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಅಪಾಯದ ಆರಂಭವೆಂದು ಆ ಯಂತ್ರ ಕೊಂಡ ದಿನವೇ ಅಂಗಡಿಯವರು ಹೇಳಿದ್ದು ಅವರಿಗೆ ನೆನಪಿತ್ತು.

ಹುಡುಗಿ ಸಕ್ಕರೆ ನೀರು ಕಲಸಿ ತಂದಳು. ಇಬ್ಬರೂ ಸೇರಿ ತಾಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಚಮಚ ತುಟಿಗೆ ತಾಗಿದ ಕೂಡಲೆ ತಾಯಿ ಬಾಯಿ ಮುಚ್ಚಿದರು. ಕಿಟಕಿಯತ್ತ ನೋಡಿದರು. ಹೊರಗೆ ಕತ್ತಲೆ. ಅರೆಪ್ರಜ್ಞೆಯಲ್ಲಿಯೂ ಅರುವತ್ತನಾಲ್ಕು ವರ್ಷಗಳ ನಿಯಮ ಎಚ್ಚರವಾಗಿತ್ತು. ಮಗ ಎದ್ದು ಕಿಟಕಿಯ ಪರದೆ ಎಳೆದರು, ಇದ್ದ ದೀಪಗಳನ್ನೆಲ್ಲ ಹಚ್ಚಿದರು, ತಾಯಿಯ ಕಿವಿಯ ಬಳಿ ಬಾಗಿ “ಬೆಳಗಾಯ್ತಮ್ಮ, ಸೂರ್ಯ ಬಂದ, ಕುಡಿ” ಎಂದರು. ತಾಯಿ ಬಾಯಿ ತೆರೆದರು. ಚಮಚ ಚಮಚವಾಗಿ ಅರ್ಧ ಲೋಟ ಒಳಗಿಳಿಯಿತು. ಕಾಲು ಗಂಟೆಯ ನಂತರ ಯಂತ್ರದ ಅಂಕಿ ಮೇಲೇರಿತು. ನಸುಕಿಗೆ ಆಸ್ಪತ್ರೆಗೆ ಕರೆದೊಯ್ದರು. ಈ ಜಾತಿಯ ಮಾತ್ರೆಯ ಪ್ರಭಾವ ಮುದಿವಯಸ್ಸಿನಲ್ಲಿ ಬಹಳ ಹೊತ್ತು ಉಳಿಯುವುದರಿಂದ ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದೆಂದು ವೈದ್ಯರು ಒಂದು ದಿನ ಅಲ್ಲಿಯೇ ಇರಿಸಿಕೊಂಡರು.

ತಾಯಿ ಉಳಿದರು. ಆದರೆ ಸತ್ಯಾಣುವ್ರತ ಪಾಲಿಸುವ ಮಗನಿಗೆ ತಾನಾಡಿದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಪ್ರಾಣ ಉಳಿಸಲು ಆಡಿದ ಸುಳ್ಳು ಸುಳ್ಳಲ್ಲವೆಂದು ನೆಂಟರೊಬ್ಬರು ಸಮಾಧಾನ ಹೇಳಿದರು. ಆ ಸಮಾಧಾನ ಅವರಿಗೆ ಒಗ್ಗಲಿಲ್ಲ. ಸುಳ್ಳಿನ ಮಾತು ಹಾಗಿರಲಿ, ತಾಯಿಯ ನಿಯಮವನ್ನು ತಾಯಿಗೆ ತಿಳಿಯದಂತೆ ಮುರಿದದ್ದು ಅವರನ್ನು ಹೆಚ್ಚು ಕಾಡಿತು. ಎಂಟು ದಿನ ಕಳೆದ ಮೇಲೆ ತಾಯಿಯ ಹಾಸಿಗೆಯ ಬಳಿ ಕುಳಿತು ನಡೆದುದನ್ನೆಲ್ಲ ಹೇಳಿ ಕೈಮುಗಿದರು.

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ತೊದಲುತ್ತಲೇ ಹೇಳಿದರು: “ಔಷಧಿ ಅಂದಿದ್ರೆ ಕುಡೀತಿದ್ದೆ. ಔಷಧಿ ತಾನೇ ಅದು?” ಸ್ವಲ್ಪ ತಡೆದು ಮತ್ತೆ ಕೇಳಿದರು: “ನಿನ್ನ ಸುಳ್ಳು ಹಾಗಿರಲಿ. ಆ ಮಗೂಗೆ ಯಾಕೆ ಯಾರೂ ನಿಜ ಹೇಳಲಿಲ್ಲ?”

ಆ ಎರಡನೆಯ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ. ಹುಡುಗಿಗೆ ಹೇಳಿದ್ದು ಕಡಿಮೆಯೇನಲ್ಲ. ಈರುಳ್ಳಿ, ಬೆಳ್ಳುಳ್ಳಿ ಮನೆಯೊಳಗೆ ತರಬಾರದು. ಅಡಿಗೆಮನೆಗೆ ಕೇಳದೆ ಕಾಲಿಡಬಾರದು. ದೇವರ ಕೋಣೆಯ ಮುಂದೆ ಒದ್ದೆ ಬಟ್ಟೆ ಹರವಬಾರದು. ಸೋಸದ ನೀರು ಬಳಸಬಾರದು. ಕತ್ತಲಾದ ಮೇಲೆ ಒಲೆ ಹಚ್ಚಬಾರದು. ಬಂದ ದಿನವೇ ಹೀಗೆ ಇಪ್ಪತ್ತು ಕಟ್ಟಳೆಗಳನ್ನು ಹೇಳಿದ್ದರು, ಹುಡುಗಿ ಎಲ್ಲವನ್ನೂ ಪಾಲಿಸುತ್ತಿದ್ದಳು. ‘ಅಜ್ಜಿ ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ, ಆದ್ದರಿಂದ ಈ ಮಾತ್ರೆ ಸಂಜೆಯ ಊಟದ ಜೊತೆಗೇ ಹೋಗಬೇಕು, ತಪ್ಪಿದರೆ ಆ ದಿನ ಕೊಡಲೇಬಾರದು’ ಎಂಬ ಒಂದು ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ. ಮನೆಯ ಶುದ್ಧಿಯನ್ನು ಕಾಯುವ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಜೀವವನ್ನು ಕಾಯುವ ಮಾತು ಒಬ್ಬರ ತಲೆಯೊಳಗೇ ಉಳಿದು ಅವರೊಂದಿಗೆ ಪಂಚಕಲ್ಯಾಣಕ್ಕೆ ಹೋಗಿತ್ತು.

ಹಿಂಸೆ ಎಂದರೇನೆಂದು ನಿರೂಪಿಸುವಾಗ ಉಮಾಸ್ವಾಮಿಗಳು ದ್ವೇಷವನ್ನಾಗಲಿ ಆಯುಧವನ್ನಾಗಲಿ ಹೆಸರಿಸದೆ ಪ್ರಮಾದವನ್ನು ಹೆಸರಿಸಿದರು. ಮನೆಯಲ್ಲಿ ಆರೈಕೆ ಪಡೆಯುವ ವೃದ್ಧರ, ರೋಗಿಗಳ ವಿಷಯದಲ್ಲಿ ಇದು ಅಕ್ಷರಶಃ ನಿಜವಾಗುತ್ತದೆ. ಕ್ರೂರಿಗಳಾದ ಮಕ್ಕಳು ಇಲ್ಲವೆಂದಲ್ಲ; ಆದರೆ ಹಾಸಿಗೆ ಹಿಡಿದವರಿಗೆ ಆಗುವ ಹಾನಿಯಲ್ಲಿ ಎಷ್ಟೋ ಪಾಲು ಪ್ರೀತಿಯುಳ್ಳವರ ಕೈಯಿಂದ, ಅರಿಯದೆ, ಆತುರದಲ್ಲಿ, ನಿದ್ದೆಗಣ್ಣಿನಲ್ಲಿ ಆಗುತ್ತದೆ. ಪ್ರೀತಿ ಇದೆಯಲ್ಲಾ ಎಂಬ ನೆಮ್ಮದಿಯೇ ಅಲ್ಲಿ ಪ್ರಮಾದಕ್ಕೆ ಆಶ್ರಯ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತು ಕುದುರೆಗಳನ್ನು ಮುಂದಿಟ್ಟುಕೊಂಡು ಇವನ್ನು ವಿವರಿಸುವುದು ರೂಢಿಯಾದುದರಿಂದ, ಎತ್ತು ಕುದುರೆಗಳಿಲ್ಲದ ಪಟ್ಟಣದ ಮನೆಗಳಲ್ಲಿ ಇವು ಬರಿಯ ಬಾಯಿಪಾಠವಾಗಿ ಉಳಿದಿವೆ. ರೋಗಿಯ ಕೋಣೆಯಲ್ಲಿ ನಿಂತು ಇವನ್ನು ಇನ್ನೊಮ್ಮೆ ಓದಬೇಕು. ಮರೆವಿನ ಕಾಯಿಲೆಯ ತಂದೆ ಮೂಗಿನ ನಳಿಗೆಯನ್ನು ಕಿತ್ತುಕೊಳ್ಳುತ್ತಾರೆಂದು ಅವರ ಕೈಯನ್ನು ಹಳೆಯ ಸೀರೆಯ ಅಂಚಿನಿಂದ ಮಂಚಕ್ಕೆ ಕಟ್ಟುವ ಮನೆಗಳಿವೆ. ಕಟ್ಟಿದವರು ದುಷ್ಟರಲ್ಲ, ಅಡಿಗೆ ಮಾಡಲು ಅರ್ಧ ಗಂಟೆ ಬೇಕಾಗಿತ್ತು, ಅಷ್ಟೆ. ಆ ಅರ್ಧ ಗಂಟೆ ನಿಧಾನವಾಗಿ ಮೂರು ಗಂಟೆಯಾಗುತ್ತದೆ.

ನಾಲ್ಕನೆಯ ಅತಿಚಾರ ರೋಗಿಗಿಂತ ಹೆಚ್ಚಾಗಿ ಆರೈಕೆ ಮಾಡುವವರಿಗೆ ಸಲ್ಲುತ್ತದೆ. ಮೈಸೂರಿನ ಆ ಸೊಸೆ ಮೂರು ದಿನ ಹೋದದ್ದೇ ತಪ್ಪೆಂದು ಬಂಧುವರ್ಗದಲ್ಲಿ ಮಾತಾಯಿತು. ಹದಿನಾಲ್ಕು ತಿಂಗಳು ಆಕೆಗೆ ಒಂದು ರಾತ್ರಿಯ ಬಿಡುವೂ ಸಿಗದ ಹಾಗೆ ನೋಡಿಕೊಂಡವರು ಯಾರು ಎಂಬ ಮಾತು ಆಗಲಿಲ್ಲ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾಗಿ ಉದ್ದಾಯನ ಮಹಾರಾಜನ ಕಥೆ ಪ್ರವಚನಗಳಲ್ಲಿ ಬರುತ್ತದೆ. ರೋಗಿಯಾದ ಮುನಿಯ ವಾಂತಿಯನ್ನು ಅಸಹ್ಯಪಡದೆ ತೊಳೆದ ಪುಣ್ಯಾತ್ಮ. ಕೇಳಿದವರ ಕಣ್ಣು ತೇವವಾಗುವುದು ಸಹಜ. ಆದರೆ ಉದ್ದಾಯನನ ಪರೀಕ್ಷೆ ಒಂದು ದಿನದಲ್ಲಿ ಮುಗಿಯಿತು, ಜೊತೆಗೆ ರಾಣಿಯೂ ಇದ್ದಳು. ವರ್ಷಗಟ್ಟಲೆ ಪ್ರತಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವ ಸೊಸೆಯ ಕಥೆಯನ್ನು ಯಾವ ಪ್ರವಚನವೂ ಹೇಳುವುದಿಲ್ಲ.

ಹುಡುಗಿಯ ಪಾಡು ಇನ್ನೂ ಬೇರೆ. ಹಗಲು ರಾತ್ರಿ ಎರಡೂ ಪಾಳಿ ಅವಳದೇ. ಮನೆಯವರ ಜೊತೆ ಸಂಜೆ ಆರಕ್ಕೆ ಉಣ್ಣುತ್ತಿದ್ದಳು. ಮಧ್ಯರಾತ್ರಿ ಒಂದರವರೆಗೆ ಎಚ್ಚರವಿರುತ್ತಿದ್ದಳು. ಕತ್ತಲಾದ ಮೇಲೆ ಒಲೆ ಹಚ್ಚುವಂತಿಲ್ಲ. ನಿಯಮ ಅಜ್ಜಿಯದು, ಉಪವಾಸ ಅವಳದು. ಐದನೆಯ ಅತಿಚಾರ ಹೀಗೆ ಮನೆಯವರ ಕಣ್ಣೆದುರಿಗೇ ನಡೆಯುತ್ತಿದ್ದರೂ ಯಾರಿಗೂ ಕಾಣಲಿಲ್ಲ. ಆ ರಾತ್ರಿ ಅವಳು ಗಾಢನಿದ್ರೆಯಲ್ಲಿದ್ದಳೆಂದು ದೂರಿದವರು, ಹಿಂದಿನ ಹತ್ತು ರಾತ್ರಿ ಅವಳು ಎಷ್ಟು ಮಲಗಿದ್ದಳೆಂದು ಕೇಳಲಿಲ್ಲ. ಅಜ್ಜಿಯ ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲ ಕೆಂಪಾಗಿರುವುದನ್ನು, ಒತ್ತಿದರೂ ಆ ಕೆಂಪು ಮಾಯವಾಗದಿರುವುದನ್ನು ಮೊದಲು ಕಂಡು ಹೇಳಿದವಳೂ ಅವಳೇ. ಹಾಸಿಗೆ ಹುಣ್ಣು ಒಡೆಯುವ ಮೊದಲು ಕೊಡುವ ಮುನ್ಸೂಚನೆ ಅದು. ಎರಡು ವರ್ಷ ಆ ಬೆನ್ನನ್ನು ತೊಳೆದವರಿಗೆ ಕಾಣದ್ದು ಅವಳಿಗೆ ಕಂಡಿತ್ತು.

ಅವಳನ್ನು ಕಳುಹಿಸಿಬಿಡಬೇಕೆಂದು ಕಿರಿಯ ಮಗ ಹಟ ಹಿಡಿದರು. ತಾಯಿಯ ಪ್ರಶ್ನೆ ಕೇಳಿದ ಮೇಲೆ ಹಿರಿಯ ಮಗ ಒಪ್ಪಲಿಲ್ಲ. ಕಳುಹಿಸಿದ್ದರೆ ಇನ್ನೊಬ್ಬಳು ಬರುತ್ತಿದ್ದಳು, ಅವಳಿಗೂ ಈರುಳ್ಳಿಯ ಕಟ್ಟಳೆಯನ್ನೇ ಹೇಳುತ್ತಿದ್ದರು.

ಆಸ್ಪತ್ರೆಯಿಂದ ಮರಳಿದ ವಾರ ಆ ಮನೆಯಲ್ಲಿ ನಡೆದ ಶೋಧ ಗಮನಾರ್ಹವಾದುದು. ಔಷಧದ ಡಬ್ಬಿಯನ್ನು ಮೇಜಿನ ಮೇಲೆ ಬರಿದು ಮಾಡಿದಾಗ ಅರ್ಧಕ್ಕೆ ಕತ್ತರಿಸಿದ ಮಾತ್ರೆಪಟ್ಟಿಗಳು ಒಂಬತ್ತು ಸಿಕ್ಕವು. ಹೆಸರು, ಅವಧಿ ಮುದ್ರಿಸಿದ ತುದಿ ಅಂಗಡಿಯಲ್ಲಿಯೇ ಉಳಿದಿತ್ತು. ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಮಾತ್ರೆಗಳು ಒಂದೇ ಸಂಪುಟದಲ್ಲಿದ್ದವು. ಎರಡು ವರ್ಷ ಹಿಂದೆ ನಿಲ್ಲಿಸಿದ್ದ ಔಷಧದ ಚೀಟಿ ಈಗಿನ ಚೀಟಿಯ ಮೇಲೆಯೇ ಇತ್ತು. ಎಲ್ಲವನ್ನೂ ತೆಗೆದುಕೊಂಡು ಮಗ ವೈದ್ಯರ ಮುಂದೆ ಕುಳಿತರು. ಮೊದಲ ಬಾರಿಗೆ ರಾತ್ರಿಭೋಜನ ತ್ಯಾಗದ ವಿಷಯ ಹೇಳಿದರು, ಅಷ್ಟಮಿ ಚತುರ್ದಶಿಗಳ ಏಕಭುಕ್ತವನ್ನೂ ಹೇಳಿದರು. “ಇದನ್ನ ಮೊದಲೇ ಹೇಳಬಾರದಿತ್ತೇ?” ಎಂದರು ವೈದ್ಯರು. ಸಂಜೆಯ ಮಾತ್ರೆಯನ್ನು ನಿಲ್ಲಿಸಿ, ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವ ಸಂಭವ ಕಡಿಮೆಯಿರುವ ಬೇರೊಂದನ್ನು ಬೆಳಗಿಗೆ ಬರೆದುಕೊಟ್ಟರು. ಈ ವಯಸ್ಸಿನಲ್ಲಿ ಸಕ್ಕರೆ ಕೊಂಚ ಹೆಚ್ಚಿದ್ದರೆ ತಾಳಿಕೊಳ್ಳಬಹುದು, ಇಳಿದರೆ ತಾಳಿಕೊಳ್ಳುವುದು ಕಷ್ಟವೆಂದು ವಿವರಿಸಿದರು. ಪ್ರಜ್ಞೆ ಪೂರ್ತಿ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸಕೋಶಕ್ಕಿಳಿಯುತ್ತದೆ, ನೇರವಾಗಿ ಆಸ್ಪತ್ರೆಗೆ ತರಬೇಕೆಂದು ಎಚ್ಚರಿಸಿದರು. ಧರ್ಮದ ವಿಷಯ ಡಾಕ್ಟರರಿಗೇಕೆ ಎಂಬ ಸಂಕೋಚ ಎಷ್ಟೋ ಮನೆಗಳಲ್ಲಿದೆ. ಪರ್ಯುಷಣದ ದಿನಗಳಲ್ಲಿ ಉಪವಾಸ ಮಾಡುತ್ತಲೇ ಮಾತ್ರೆ ಮುಂದುವರಿಸುವ ಹಿರಿಯರ ಮಕ್ಕಳು ಈ ಸಂಕೋಚವನ್ನು ಆದಷ್ಟು ಬೇಗ ಬಿಡುವುದು ಒಳ್ಳೆಯದು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಸೂಕ್ಷ್ಮವಾದುದು. ವೃದ್ಧರು ಊಟ ಕಡಿಮೆ ಮಾಡಿದಾಗ ‘ವೈರಾಗ್ಯ ಬಂದಿದೆ, ಬಲವಂತ ಬೇಡ’ ಎಂದು ಕೈಕಟ್ಟಿ ಕೂರುವವರುಂಟು. ಸಲ್ಲೇಖನವೆಂಬುದು ಎಚ್ಚರದ ಬುದ್ಧಿಯಿಂದ, ಗುರುಗಳ ಅನುಮತಿಯಿಂದ, ಹಂತಹಂತವಾಗಿ ಸ್ವೀಕರಿಸುವ ವ್ರತ. ಪಾರ್ಶ್ವವಾಯುವಿನಿಂದ ಗಂಟಲಿನ ಸ್ನಾಯು ಸೋತು ನುಂಗಲಾಗದಿರುವುದು, ಬಾಯಲ್ಲಿ ಹುಣ್ಣಾಗಿರುವುದು, ಮಲಬದ್ಧತೆ, ಮನಸ್ಸಿನ ಖಿನ್ನತೆ, ಕಟ್ಟುಹಲ್ಲು ಸಡಿಲವಾಗಿರುವುದು ವ್ರತವಾಗಲಾರವು. ನೀರು ಕುಡಿದೊಡನೆ ಕೆಮ್ಮುವ ರೋಗಿಗೆ ತಿಳಿಯಾದ ನೀರಿಗಿಂತ ಗಂಜಿಯಂತೆ ಮಂದವಾದದ್ದು ಎಷ್ಟೋ ಸಲ ಸುಲಭವಾಗಿ ಇಳಿಯುತ್ತದೆ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿದ್ದರೆ ಅಪಾಯ ತಗ್ಗುತ್ತದೆ. ತಾಯಿ ಒಲ್ಲೆನೆಂದರೆ ಏಕೆ ಒಲ್ಲೆನೆಂದು ಕೇಳಿ ತಿಳಿಯುವವರೆಗೆ ಅದನ್ನು ವೈರಾಗ್ಯವೆಂದು ಕರೆಯುವುದು ಮಕ್ಕಳ ಅನುಕೂಲ.

ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯನ್ನು ಮುನಿಗಳು ಪಿಂಛಿ ಕಮಂಡಲುಗಳ ವಿಷಯದಲ್ಲೂ ಪಾಲಿಸುತ್ತಾರೆ. ಮನೆಗಳಲ್ಲಿ ಸೋತ ಕೈಯನ್ನೇ ಹಿಡಿದೆಳೆದು ರೋಗಿಯನ್ನು ಎಬ್ಬಿಸುತ್ತಾರೆ. ಪಾರ್ಶ್ವವಾಯು ಬಡಿದ ಭುಜದ ಕೀಲು ಹೀಗೆಯೇ ಜಾರುತ್ತದೆ. ಬೆನ್ನಿಗೂ ಸೊಂಟಕ್ಕೂ ಕೈಕೊಟ್ಟು ಎತ್ತುವ ಕ್ರಮವನ್ನು ಭೌತಚಿಕಿತ್ಸಕರೊಬ್ಬರು ಆ ಮನೆಯವರಿಗೆ ಒಂದೇ ದಿನದಲ್ಲಿ ಕಲಿಸಿದರು. ಎರಡು ವರ್ಷ ಯಾರೂ ಕೇಳಿರಲಿಲ್ಲ.

ಕ್ಯಾಮೆರಾದ ವಿಷಯದಲ್ಲಿ ಆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಆ ರಾತ್ರಿ ಅದು ಉಪಕಾರ ಮಾಡಿತೆಂಬುದು ನಿಜ. ಆದರೆ ಬಟ್ಟೆ ಬದಲಿಸುವಾಗಲೂ ಅದು ತೆರೆದೇ ಇತ್ತೆಂದು ತಿಳಿದ ತಾಯಿ ಅತ್ತರು. ಈಗ ಅದಕ್ಕೊಂದು ಬಟ್ಟೆಯ ಮುಸುಕಿದೆ. ಯಾವಾಗ ಹೊದಿಸಬೇಕು, ಯಾವಾಗ ತೆಗೆಯಬೇಕೆಂಬುದು ತಾಯಿಯ ಮಾತಿನಂತೆ.

ಕಾನೂನಿನ ನೆರವು ಎಷ್ಟಿದೆಯೆಂದು ಕೇಳುವವರಿದ್ದಾರೆ. ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ ಪ್ರಕಾರ, ನೋಡಿಕೊಳ್ಳಬೇಕಾದವರು ವೃದ್ಧರನ್ನು ತೊರೆದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂದಕ್ಕೆ ಪಡೆಯಲೂ ಅದರಲ್ಲಿ ದಾರಿಯಿದೆ. ಮನೆ ಆರೈಕೆಯವರನ್ನು ಒದಗಿಸುವ ಸಂಸ್ಥೆಗಳ ನೋಂದಣಿಯನ್ನು ಒಳಗೊಂಡಿದ್ದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯ ಮುಂದೆ ಬಂದಿತ್ತು; ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯೊಂದಿಗೆ ಅದೂ ಮುಗಿಯಿತು. ಆದ್ದರಿಂದ ಬರುವವರ ಗುರುತು, ತರಬೇತಿ, ಹಿಂದೆ ಕೆಲಸ ಮಾಡಿದ ಮನೆಗಳ ಅಭಿಪ್ರಾಯ ಇವನ್ನು ವಿಚಾರಿಸುವ ಹೊಣೆ ಮನೆಯವರ ಮೇಲೆಯೇ ಉಳಿದಿದೆ. ಹಿರಿಯರೇ ನೇರವಾಗಿ ಕರೆ ಮಾಡಿ ಹೇಳಿಕೊಳ್ಳಲು 14567 ಎಂಬ ಸಹಾಯವಾಣಿಯಿದೆ. ಹಾಸಿಗೆಯಿಂದ ಕೈಗೆಟುಕುವಂತೆ ದೊಡ್ಡ ಅಂಕಿಗಳಲ್ಲಿ ಬರೆದಿಟ್ಟರೆ ಮಾತ್ರ ಅದರಿಂದ ಪ್ರಯೋಜನ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದ ಕೆಲಸ ಇದಕ್ಕಿಂತ ಹತ್ತಿರದ್ದು. ಸಮಂತಭದ್ರಾಚಾರ್ಯರು ವೈಯಾವೃತ್ಯವನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಒಂದೆಂದು ಗಣಿಸಿದ್ದಾರೆ. ವಾರದಲ್ಲಿ ಒಂದು ಮಧ್ಯಾಹ್ನ ರೋಗಿಯ ಬಳಿ ಕುಳಿತು ಮನೆಯವರಿಗೆ ನಾಲ್ಕು ಗಂಟೆ ನಿದ್ದೆಯ ಬಿಡುವು ಕೊಡಲು ಹತ್ತು ಜನ ಸಿದ್ಧರಾದರೆ ಒಂದು ಬಡಾವಣೆಯ ಎಷ್ಟು ಮನೆಗಳು ಉಸಿರಾಡಿಯಾವು! ಗಾಳಿ ಹಾಸಿಗೆ, ಗಾಲಿಕುರ್ಚಿಗಳನ್ನು ಟ್ರಸ್ಟಿನಿಂದ ಎರವಲು ಕೊಡುವುದಕ್ಕೆ ಶಿಖರದ ಕಳಶಕ್ಕೆ ಬೇಕಾದಷ್ಟು ಹಣವೇನೂ ಬೇಡ. ಹೀಗೆ ಹೊರಗಿನವರ ಕಣ್ಣು ವಾರಕ್ಕೊಮ್ಮೆ ಕೋಣೆಯೊಳಗೆ ಬಿದ್ದರೆ, ಕಟ್ಟಿದ ಕೈಯೂ ಕೆಂಪಾದ ಬೆನ್ನೂ ಮುಚ್ಚಿಟ್ಟುಕೊಂಡು ಉಳಿಯಲಾರವು. ‘ಮನೆಯ ವಿಷಯ ಮನೆಯಲ್ಲೇ ಇರಲಿ’ ಎಂಬ ಮರ್ಯಾದೆಯ ಮಾತಿಗೆ ಅನೇಕ ವೃದ್ಧರು ತಮ್ಮ ದೇಹದಿಂದ ಬೆಲೆ ತೆತ್ತಿದ್ದಾರೆ.

ಮೈಸೂರಿನ ಆ ಮನೆಯಲ್ಲಿ ಈಗ ಮಂಚದ ತಲೆಯ ಕಡೆ ಒಂದು ದಪ್ಪ ಪುಸ್ತಕ ನೇತುಹಾಕಿದೆ. ಏನು ಕೊಟ್ಟರು, ಎಷ್ಟು ಹೊತ್ತಿಗೆ, ಯಾರು, ಎಷ್ಟು ಉಂಡರು, ಯಾವ ಮಗ್ಗುಲಿಗೆ ಮಲಗಿಸಿದರು ಎಲ್ಲವೂ ಅದರಲ್ಲಿ. ಹುಡುಗಿಗೆ ರಾತ್ರಿಗೆಂದು ಅವಲಕ್ಕಿ, ಬಾಳೆಹಣ್ಣು ತಟ್ಟೆಯಲ್ಲಿ ಮುಚ್ಚಿಟ್ಟಿರುತ್ತದೆ. ವಾರಕ್ಕೆ ಎರಡು ರಾತ್ರಿ ಮಗನೇ ಪಾಳಿ ಮಾಡುತ್ತಾರೆ. ಪುಸ್ತಕದ ಮೊದಲ ಅಂಕಣ ಸೂರ್ಯಾಸ್ತದ ವೇಳೆ. ಡಿಸೆಂಬರಿನಲ್ಲಿ ಅದು ಆರರ ಆಸುಪಾಸು, ಜುಲೈಯಲ್ಲಿ ಏಳಕ್ಕೆ ಸಮೀಪ. ದಿನವೂ ಪಂಚಾಂಗ ನೋಡಿ ಹುಡುಗಿಯೇ ಬರೆಯುತ್ತಾಳೆ. ಸಂಜೆಯ ಮಾತ್ರೆ ನಿಂತು ಬಹುಕಾಲವಾದರೂ ಆ ಅಂಕಣವನ್ನು ಅಳಿಸಿಲ್ಲ. ಸಂಜೆ ತಟ್ಟೆ ಹಿಡಿದು ಕುಳಿತಾಗ ಅಜ್ಜಿ ಎಡಗೈಯಿಂದ ಕಿಟಕಿಯತ್ತ ತೋರಿಸುತ್ತಾರೆ. ಹುಡುಗಿ ಪುಸ್ತಕ ನೋಡಿ ಹೇಳುತ್ತಾಳೆ: “ಇನ್ನೂ ಇಪ್ಪತ್ತು ನಿಮಿಷ ಬೆಳಕಿದೆ ಅಜ್ಜಿ, ಇನ್ನೊಂದು ತುತ್ತು.”